ಪಣಂಬೂರಿನ ಬಂದರು: ಕಡಲು ಕೊಟ್ಟದ್ದು, ಘಟ್ಟ ತಡೆದದ್ದು

ಕರ್ನಾಟಕದ ಏಕೈಕ ಪ್ರಮುಖ ಬಂದರು ಇಂದು ಇರುವ ಜಾಗದಲ್ಲಿ ಅರವತ್ತೈದು ವರ್ಷಗಳ ಹಿಂದೆ ನೀರೇ ಇರಲಿಲ್ಲ. ಕಚ್ಚಾತೈಲದ ಹಡಗುಗಳು ಈಗ ಟಗ್‌ಗಳ ನೆರವಿನಿಂದ ಮೆಲ್ಲನೆ ತಿರುಗುವ ಆ ವಿಶಾಲವಾದ ಕೊಳದ ಜಾಗದಲ್ಲಿ ಅಂದು ಪಣಂಬೂರು ಎಂಬ ಊರಿತ್ತು. ಮರಳು ನೆಲ, ತೆಂಗಿನ ತೋಟ, ಗದ್ದೆ, ಮನೆ, ಮೀನುಗಾರರ ಕೇರಿ, ಬಾವಿ ಎಲ್ಲವೂ ಇದ್ದವು. ಕಡಲಿನ ಅಂಚಿನಲ್ಲಿ ಕಟ್ಟಿದ ಬಂದರುಗಳು ಲೋಕದಲ್ಲಿ ಬಹಳ. ನೆಲವನ್ನೇ ಅಗೆದು, ಕಡಲನ್ನು ಒಳಕ್ಕೆ ಕರೆತಂದು ಕಟ್ಟಿದ ಬಂದರು ಇದು. ನವಮಂಗಳೂರು ಬಂದರಿಗೆ ಐವತ್ತು ವರ್ಷ ತುಂಬಿರುವ ಈ ಹೊತ್ತಿನಲ್ಲಿ ಅದರ ಚರಿತ್ರೆ ಬರೆಯುವವರು ಮೊದಲು ನೆನೆಯಬೇಕಾದದ್ದು ಈ ನೆಲವನ್ನು ಮತ್ತು ಅದನ್ನು ಬಿಟ್ಟುಕೊಟ್ಟವರನ್ನು.

ಮಂಗಳೂರಿಗೆ ಬಂದರು ಹೊಸದಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಒಳಗೆ, ಇಂದಿಗೂ ಜನ ಬಂದರ್ ಎಂದೇ ಕರೆಯುವ ಪೇಟೆಯ ಬೆನ್ನಿಗೆ, ಹಳೆಯ ಧಕ್ಕೆಯಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹದಿನೈದು ವರ್ಷಕ್ಕೂ ಮಿಕ್ಕಿ ಇಲ್ಲಿ ನೆಲೆಸಿ, ಏಡನ್ನಿನ ಪಾಲುದಾರರಿಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅವನ ಪತ್ರಗಳು ಕೈರೋದ ಒಂದು ಯಹೂದಿ ದೇವಾಲಯದ ಕಾಗದದ ರಾಶಿಯಲ್ಲಿ ಉಳಿದುಬಂದವು. ಅವನ ಆಳು ಬೊಮ್ಮ ಎಂಬ ತುಳುನಾಡಿನವನ ಹೆಸರೂ ಆ ಕಾಗದಗಳಲ್ಲಿ ಸಿಗುತ್ತದೆ. ಅಮಿತಾವ್ ಘೋಷ್ ತಮ್ಮ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಅರಸಿಕೊಂಡು ಹೋದದ್ದು ಈ ಬೊಮ್ಮನನ್ನೇ. ಮುಂದೆ 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗಲೂ ಇಲ್ಲಿ ಪರ್ಷಿಯ ಮತ್ತು ಯೆಮನ್‌ಗಳ ವರ್ತಕರ ಸಂದಣಿಯಿತ್ತು. ಹೈದರಾಲಿ ಇಲ್ಲಿ ಹಡಗು ಕಟ್ಟಿಸಿದ. ಟಿಪ್ಪು ಗುರುಪುರ ನದಿಯ ದಡದಲ್ಲಿ ಸುಲ್ತಾನ್ ಬತ್ತೇರಿ ಕಟ್ಟಿಸಿದ್ದು ಶತ್ರುವಿನ ದೋಣಿಗಳು ನದಿಯೊಳಗೆ ನುಗ್ಗದಂತೆ ಕಾಯಲು.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧಕ್ಕೆ ಬಂದರೆ ಹಳೆಯ ಬಂದರಿನ ಸರಕು ಬದಲಾಗಿರುವುದು ಕಾಣುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಮುಂಬಯಿಗೂ ಅದರಾಚೆಗೂ ಹಡಗು ಹತ್ತಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಘಟ್ಟ ಇಳಿದು ಇಲ್ಲಿನ ಕ್ಯೂರಿಂಗ್ ಮನೆಗಳಿಗೆ ಬಂತು. ಆಮೇಲೆ ಗೇರುಬೀಜ ಬಂತು. ಆದರೆ ಬಂದರಿನ ಮೂಲ ಕೊರತೆ ಹಾಗೆಯೇ ಇತ್ತು. ಅಳಿವೆಯ ಬಾಯಿಯಲ್ಲಿ ಮರಳು ದಿಬ್ಬವಿದ್ದುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ಮೈಲುಗಳಾಚೆ ಕಡಲಲ್ಲೇ ಲಂಗರು ಹಾಕಿ ನಿಲ್ಲಬೇಕು. ಇಲ್ಲಿಂದ ಸರಕು ತುಂಬಿದ ದೋಣಿಗಳು ಹೋಗಿ, ತೆರೆಗಳ ಮೇಲೆ ಏಳುತ್ತ ಬೀಳುತ್ತ, ಮೂಟೆ ಮೂಟೆಯಾಗಿ ಏರಿಸಬೇಕು. ಮುಂಬಯಿಗೆ ಹೋಗುವ ಪ್ರಯಾಣಿಕರೂ ಸ್ಟೀಮರ್ ಹತ್ತಿದ್ದು ಹೀಗೆಯೇ. ಮುಂಗಾರು ಶುರುವಾಯಿತೆಂದರೆ ಇದೂ ಇಲ್ಲ. ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ಬಂದರಿಗೆ ಬಾಗಿಲು. ವರ್ಷದ ಮೂರನೇ ಒಂದು ಪಾಲು ವ್ಯಾಪಾರ ನಿಂತುಹೋಗುವ ಬಂದರನ್ನು ನಂಬಿ ಯಾವ ದೊಡ್ಡ ಕಾರ್ಖಾನೆಯೂ ಬರಲು ಸಾಧ್ಯವಿರಲಿಲ್ಲ.

ಹಳೆಯ ಬಂದರು ಸತ್ತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಇಂದಿಗೂ ಅಲ್ಲಿಂದಲೇ ಮಂಜಿ ಎಂಬ ಸರಕು ಹಡಗುಗಳಲ್ಲಿ ಹೋಗುತ್ತವೆ. ಲಕ್ಷದ್ವೀಪದ ಅಮಿನ್‌ದಿವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಅಧಿಕಾರದ ನಂಟು ಕಡಿದರೂ ಅಂಗಡಿಯ ನಂಟು ಕಡಿದಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡವು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಯ ತನಕ ಮೈಸೂರಿಗೆ ಕರಾವಳಿಯೇ ಇರಲಿಲ್ಲ. ಬಳ್ಳಾರಿ ಹೊಸಪೇಟೆಗಳ ಅದಿರು ಮದರಾಸು ಅಥವಾ ಮರ್ಮಗೋವೆಯ ದಾರಿ ಹಿಡಿಯುತ್ತಿತ್ತು. ಹೊಸ ರಾಜ್ಯಕ್ಕೆ ಕರಾವಳಿ ದೊರೆತರೂ ಎಲ್ಲ ಋತುಗಳಲ್ಲೂ ನಡೆಯುವ ಬಂದರು ಇರಲಿಲ್ಲ. ಆ ಕೊರತೆಯನ್ನು ದೆಹಲಿಯಲ್ಲಿ ಬಿಡದೆ ಹೇಳಿದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಸಂವಿಧಾನ ಸಭೆಯಲ್ಲಿದ್ದವರು, ಮುಂದೆ ಲೋಕಸಭೆಯಲ್ಲಿ ಈ ಕರಾವಳಿಯ ಪ್ರತಿನಿಧಿ, ನೆಹರೂ ಅವರಿಗೆ ಹತ್ತಿರದವರು. ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಕರಾವಳಿಯ ಹೆದ್ದಾರಿ, ಇವೆಲ್ಲದರ ಹಿಂದೆ ಅವರ ಕೈಯಿದೆ. ಭಾಷಣಕ್ಕೆ ಹೆಸರಾದವರಲ್ಲ, ಕೆಲಸ ಮಾಡಿಸಿ ಮುಗಿಸುವುದಕ್ಕೆ ಹೆಸರಾದವರು. ಮಧ್ಯಮ ಬಂದರುಗಳ ಅಭಿವೃದ್ಧಿ ಸಮಿತಿ 1960ರಲ್ಲಿ ಮಂಗಳೂರು ಮತ್ತು ತೂತ್ತುಕುಡಿ ಎರಡನ್ನೂ ಸರ್ವಋತು ಬಂದರುಗಳಾಗಿ ಬೆಳೆಸಬೇಕೆಂದು ಶಿಫಾರಸು ಮಾಡಿತು. 1962ರಲ್ಲಿ ಕೆಲಸ ಶುರುವಾಯಿತು. ಮಲ್ಯರು 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ತಾವು ತಂದ ಬಂದರಿಗೆ ಒಂದು ಹಡಗು ಬಂದು ನಿಂತದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಜಾಗದ ಆಯ್ಕೆ ಮುಖ್ಯವಾದ ತೀರ್ಮಾನವಾಗಿತ್ತು. ಅಳಿವೆಯೊಳಗಿನ ಹಳೆಯ ಬಂದರನ್ನೇ ಆಳ ಮಾಡುವ ಬದಲು, ಎರಡು ನದಿಗಳ ಹೂಳಿನಿಂದ ದೂರ, ಉತ್ತರಕ್ಕೆ ಪಣಂಬೂರನ್ನು ಎಂಜಿನಿಯರುಗಳು ಆರಿಸಿದರು. ಅಲ್ಲಿ ಕಡಲು ಮತ್ತು ಗುರುಪುರ ನದಿಯ ನಡುವೆ ತಗ್ಗಾದ ಮರಳು ನೆಲವಿತ್ತು. ಆ ನೆಲವನ್ನು ಡ್ರೆಜರ್‌ನಿಂದ ಅಗೆದು ಕೊಳ ಮಾಡುವುದು, ಕಡಲಿನಿಂದ ಅದಕ್ಕೆ ಒಂದು ಕಾಲುವೆ ತೆರೆಯುವುದು, ಕಾಲುವೆಯ ಬಾಯಿಗೆ ಎರಡೂ ಬದಿಯಿಂದ ಬಂಡೆಗಲ್ಲಿನ ಗೋಡೆ ಚಾಚುವುದು, ಇದು ಯೋಜನೆ. ಈಗ ನೋಡಿದರೆ ಆ ಎರಡು ಗೋಡೆಗಳು, ಅಂದರೆ ಬ್ರೇಕ್‌ವಾಟರ್‌ಗಳು, ತಲಾ 770 ಮೀಟರ್ ಉದ್ದ ಕಡಲೊಳಗೆ ಹೋಗಿವೆ. ಹಡಗು ಬರುವ ಕಾಲುವೆ 7.5 ಕಿಲೋಮೀಟರ್ ಇದೆ. ಗೋಡೆಗೆ ಬೇಕಾದ ಕಲ್ಲನ್ನು ಒಡೆದು ತಂದವರು, ಹೊತ್ತವರು ಸಾವಿರಾರು ಮಂದಿ. ಜನ ಆ ದಿನಗಳಲ್ಲಿ ಇಡೀ ಕಾಮಗಾರಿಯನ್ನು ‘ಹಾರ್ಬರ್ ಪ್ರಾಜೆಕ್ಟ್’ ಎನ್ನುತ್ತಿದ್ದರು. ಊರಿನ ಹುಡುಗರಿಗೆ ಅದು ಮೊದಲ ಸರಕಾರಿ ಸಂಬಳ.

ಆದರೆ ಅದೇ ಊರು ಎದ್ದುಹೋಗಬೇಕಾಯಿತು. ಪಣಂಬೂರು, ಬೈಕಂಪಾಡಿ ಸುತ್ತಿನ ಕುಟುಂಬಗಳಿಗೆ ಒಳನಾಡಿನ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಅಂದು ಅದು ಗುಡ್ಡಗಾಡು. ತೆಂಗು, ಗದ್ದೆ, ಮೀನು ನಂಬಿ ಬದುಕಿದವರಿಗೆ ಮುರಕಲ್ಲಿನ ಗುಡ್ಡದ ಮೇಲೆ ಕೆಲವು ಸೆಂಟ್ಸು ಜಾಗ ಸಿಕ್ಕಿತು. ಗದ್ದೆ ಮಾಡುತ್ತಿದ್ದವರು ಕೂಲಿಗೆ ಹೋದರು. ಕಡಲಿಗೆ ಇಳಿಯುತ್ತಿದ್ದವರಿಗೆ ಕಡಲು ದೂರವಾಯಿತು. ಭೂತಸ್ಥಾನ, ನಾಗಬನಗಳನ್ನು ಬಿಟ್ಟು ಹೋಗುವ ಸಂಕಟ ತುಳುನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಣಂಬೂರಿನ ನಂದನೇಶ್ವರ ದೇವಸ್ಥಾನ ಇಂದಿಗೂ ಅಲ್ಲೇ ಇದೆ. ಕಾಟಿಪಳ್ಳ ಈಗ ದೊಡ್ಡ ಊರು, ಶಾಲೆ ಕಾಲೇಜುಗಳಿವೆ, ಬಸ್ಸುಗಳಿವೆ. ಬಂದರು ಬಂದ ಮೇಲೆ ಆ ಸುತ್ತಿನಲ್ಲಿ ಎದ್ದ ಒಂದೊಂದು ಕಾರ್ಖಾನೆಗೂ ಮತ್ತೆ ಮತ್ತೆ ಜಮೀನು ಹೋಗಿದೆ. ಕೆಲವು ಮನೆಗಳು ಎರಡು ಸಲ ಎದ್ದಿವೆ.

1974ರ ಮೇ 4ರಂದು ಕೇಂದ್ರ ಸರಕಾರ ಇದನ್ನು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿಸಿತು. ಅದೇ ವರ್ಷ ಎರಡು ತಿಂಗಳ ನಂತರ ತೂತ್ತುಕುಡಿ ಹತ್ತನೆಯದಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಪಣಂಬೂರಿಗೆ ಬಂದು ಬಂದರನ್ನು ಉದ್ಘಾಟಿಸಿದರು. 1980ರ ಏಪ್ರಿಲ್ 1ರಿಂದ ಅದರ ಆಡಳಿತ ಬಂದರು ಮಂಡಳಿಗೆ ಬಂತು. ಜನರ ಬಾಯಲ್ಲಿ ಇಂದಿಗೂ ಉಳಿದಿರುವ ‘ಎನ್ನೆಂಪಿಟಿ’ (ನ್ಯೂ ಮಂಗಳೂರು ಪೋರ್ಟ್ ಟ್ರಸ್ಟ್) ಎಂಬ ಹೆಸರು ಆಗಿನದು. 2021ರ ಕಾಯ್ದೆಯ ಮೇಲೆ ಮಂಡಳಿ ಹೋಗಿ ಪ್ರಾಧಿಕಾರ ಬಂದರೂ ಸಿಟಿ ಬಸ್ಸಿನ ಕಂಡಕ್ಟರು ಕೂಗುವುದು ಎನ್ನೆಂಪಿಟಿ ಎಂದೇ.

ಮೊದಲ ವರ್ಷ ಬಂದರಿನಲ್ಲಿ ಸಾಗಿದ ಸರಕು ಒಂದು ಲಕ್ಷ ಟನ್ನೂ ಇರಲಿಲ್ಲ. ದೊಡ್ಡ ಬಂದರು ಕಟ್ಟಿದ್ದಾಯಿತು, ತುಂಬಲು ಏನಿದೆ ಎಂಬ ಪ್ರಶ್ನೆ ಪತ್ರಿಕೆಗಳಲ್ಲೂ ಚಹಾದಂಗಡಿಗಳಲ್ಲೂ ಎದ್ದಿತು. ಪಕ್ಕದಲ್ಲೇ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ 1976ರಲ್ಲಿ ಯೂರಿಯಾ ತಯಾರಿಸತೊಡಗಿತು. ಅದರಿಂದ ಸ್ವಲ್ಪ ಸರಕು ಬಂತು. ನಿಜವಾಗಿ ಬಂದರಿಗೆ ಜೀವ ಕೊಟ್ಟದ್ದು ಕುದುರೆಮುಖ.

ಆ ಕಥೆ ವಿಚಿತ್ರ ತಿರುವುಗಳದ್ದು. 1975ರ ನವೆಂಬರಿನಲ್ಲಿ ಇರಾನಿನ ಷಾ ಸರಕಾರದೊಡನೆ ಭಾರತ ಒಪ್ಪಂದ ಮಾಡಿಕೊಂಡಿತು. ಕುದುರೆಮುಖದ ಕಡಿಮೆ ಸಾಂದ್ರತೆಯ ಮ್ಯಾಗ್ನಟೈಟ್ ಅದಿರನ್ನು ಅರೆದು ಸಾಂದ್ರೀಕರಿಸಿ ಇರಾನಿಗೆ ಕೊಡುವುದು, ಇರಾನ್ ಅದಕ್ಕೆ ಸಾಲ ಕೊಡುವುದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಮಳೆ ಬಿದ್ದರೆ ದಾರಿಯೇ ಕಾಣದ ಆ ಮಲೆಯಿಂದ ಕಡಲಿಗೆ ಅದಿರನ್ನು ಲಾರಿಯಲ್ಲಿ ತರಲಾಗದು. ಹಾಗಾಗಿ ಅರೆದ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಘಟ್ಟದ ಇಳಿಜಾರೇ ಅದನ್ನು ತಳ್ಳುತ್ತಿತ್ತು. ಇಲ್ಲಿ ನೀರು ಸೋಸಿ ತೆಗೆದು, ಒಣಗಿದ ಅದಿರನ್ನು ಹಡಗಿಗೆ ತುಂಬುವುದು. ಬಂದರಿನಲ್ಲಿ ಅದಕ್ಕೆಂದೇ ಪ್ರತ್ಯೇಕ ಬರ್ತ್ ಆಯಿತು, ದೊಡ್ಡ ಹಡಗುಗಳಿಗಾಗಿ ಕಾಲುವೆಯೂ ಆಳವಾಯಿತು. ಎಲ್ಲ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದರು. ಕೊಳ್ಳುವವನೇ ಇಲ್ಲದ ಅದಿರಿಗೆ ಬೇರೆ ದೇಶಗಳನ್ನು ಹುಡುಕಿ, 1981ರಲ್ಲಿ ರಫ್ತು ಶುರು ಮಾಡಿದರು. 1987ರಲ್ಲಿ ಪಣಂಬೂರಿನಲ್ಲೇ ಉಂಡೆ ಅದಿರಿನ ಪೆಲೆಟ್ ಕಾರ್ಖಾನೆ ಎದ್ದಿತು. ಸುಮಾರು ಕಾಲು ಶತಮಾನ ಈ ಬಂದರಿನ ಬೆನ್ನೆಲುಬು ಕುದುರೆಮುಖದ ಅದಿರೇ.

ಅದಿರು ಇದ್ದದ್ದು ಭದ್ರಾ ನದಿಯ ತಲೆಯ ಮೇಲೆ, ಶೋಲಾ ಕಾಡಿನ ನಡುವೆ. ಪರಿಸರದ ಹೋರಾಟ ಸುಪ್ರೀಂ ಕೋರ್ಟಿನ ತನಕ ಹೋಗಿ, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಆ ತೀರ್ಪು ಸರಿಯಾದದ್ದೆಂದು ನಾನು ನಂಬಿದ್ದೇನೆ. ಬಂದರಿಗೆ ಸರಕು ಬೇಕು ಎಂದು ಭದ್ರೆಯ ಮೂಲವನ್ನು ಕೆಂಪು ಮಾಡುವ ಹಕ್ಕು ಯಾರಿಗೂ ಇಲ್ಲ. ಆಮೇಲೆ ಪೆಲೆಟ್ ಕಾರ್ಖಾನೆಗೆ ಛತ್ತೀಸಗಢದ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಬಂತು. ಅದಿರು ಕಳಿಸುತ್ತಿದ್ದ ಬಂದರಿನಲ್ಲಿ ಅದಿರು ಇಳಿಯುವಂತಾಯಿತು. 2000ದ ದಶಕದ ನಡುವಿನಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿ ಅದಿರಿನ ಲಾರಿಗಳು ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಳಿದು ಬಂದದ್ದು ಎಲ್ಲರಿಗೂ ನೆನಪಿದೆ. ದಾರಿಯುದ್ದಕ್ಕೂ ಮರದೆಲೆ, ಮನೆಯ ಮಾಡು, ಮಕ್ಕಳ ಶಾಲೆಯ ಬಿಳಿ ಅಂಗಿ ಎಲ್ಲಕ್ಕೂ ಕೆಂಪು ಧೂಳು ಹತ್ತಿತ್ತು. 2010ರಲ್ಲಿ ರಾಜ್ಯ ಸರಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಯನ್ನೇ ನಿಲ್ಲಿಸಿತು.

ಅದಿರು ಹೋದರೂ ಬಂದರು ಬರಿದಾಗಲಿಲ್ಲ. ಅಷ್ಟರಲ್ಲಿ ಎಣ್ಣೆ ಬಂದಿತ್ತು. ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ 1996ರಲ್ಲಿ ಕೆಲಸ ಶುರು ಮಾಡಿತು. 2003ರಲ್ಲಿ ಒಎನ್‌ಜಿಸಿ ಅದನ್ನು ತೆಗೆದುಕೊಂಡು, ಅದರ ಸಾಮರ್ಥ್ಯವನ್ನು ಮುಂದೆ ವರ್ಷಕ್ಕೆ 1.5 ಕೋಟಿ ಟನ್ನಿಗೆ ಬೆಳೆಸಿತು. ಗಲ್ಫಿನ ಕಚ್ಚಾತೈಲ ಪಣಂಬೂರಿಗೆ ಬಂದು ಇಳಿಯುತ್ತದೆ. ಇಲ್ಲಿನ ಕೊಳಕ್ಕೆ ಬರಲಾಗದ ಭಾರೀ ಟ್ಯಾಂಕರ್‌ಗಳಿಗಾಗಿ 2013ರಿಂದ ಆಳಕಡಲಲ್ಲೇ ತೇಲುವ ಒಂದು ಕಟ್ಟುಗಂಬವಿದೆ, ಅಲ್ಲಿಂದ ಕಡಲಡಿಯ ಕೊಳವೆಯಲ್ಲಿ ತೈಲ ದಡಕ್ಕೆ ಬರುತ್ತದೆ. ಸಂಸ್ಕರಿಸಿದ ಪೆಟ್ರೋಲು ಡೀಸೆಲು 362 ಕಿಲೋಮೀಟರ್ ಕೊಳವೆಯಲ್ಲಿ ಹಾಸನ ದಾಟಿ ಬೆಂಗಳೂರಿಗೆ ಹೋಗುತ್ತದೆ. ಪೆರ್ಮುದೆ ಮತ್ತು ಪಾದೂರಿನಲ್ಲಿ ಬಂಡೆ ಕೊರೆದ ನೆಲಮಾಳಿಗೆಗಳಲ್ಲಿ ಆಪತ್ಕಾಲಕ್ಕೆಂದು ದೇಶ ಇಟ್ಟುಕೊಂಡ ಕಚ್ಚಾತೈಲ, ಒಂದರಲ್ಲಿ 15 ಲಕ್ಷ ಟನ್, ಇನ್ನೊಂದರಲ್ಲಿ 25 ಲಕ್ಷ ಟನ್, ಅದೂ ಕಡಲ ದಾರಿಯಲ್ಲೇ ಬಂದದ್ದು. ನಿಮ್ಮ ಮನೆಯ ಅಡುಗೆ ಅನಿಲದ ಸಿಲಿಂಡರು ಮೈಸೂರು ಸೀಮೆಯದಾದರೆ ಅದರೊಳಗಿನದು ಪಣಂಬೂರಿನಲ್ಲಿ ಹಡಗಿನಿಂದ ಇಳಿದಿರುವ ಸಂಭವ ಹೆಚ್ಚು.

ಹಡಗು ಬರುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೂರದ ದೇಶದಿಂದ ಬಂದ ಹಡಗು ಹೊರಕಡಲಲ್ಲಿ ಲಂಗರು ಹಾಕಿ ಕಾಯುತ್ತದೆ. ಅದರ ಏಜೆಂಟರು ಮೊದಲೇ ಕಾಗದಪತ್ರ ಸಲ್ಲಿಸಿರುತ್ತಾರೆ. ಯಾವ ಹಡಗಿಗೆ ಯಾವ ಬರ್ತ್, ಯಾವ ಹೊತ್ತಿಗೆ ಎಂಬುದು ಬಂದರಿನ ದಿನದ ಬರ್ತಿಂಗ್ ಸಭೆಯಲ್ಲಿ ನಿಶ್ಚಯವಾಗುತ್ತದೆ. ಸರದಿ ಬಂದಾಗ ಬಂದರಿನ ಪೈಲಟ್ ಒಂದು ಲಾಂಚಿನಲ್ಲಿ ಹೊರಡುತ್ತಾನೆ. ಹಡಗಿನ ಪಕ್ಕಕ್ಕೆ ಬಂದಾಗ ಮೇಲಿನಿಂದ ಹಗ್ಗದ ಏಣಿ ಇಳಿದಿರುತ್ತದೆ. ಆಷಾಢದ ಕಡಲಲ್ಲಿ ಲಾಂಚು ಒಂದು ಕ್ಷಣ ಏಣಿಯ ನಡುವಿನ ಮೆಟ್ಟಿಲಿಗೆ ಏರುತ್ತದೆ, ಮರುಕ್ಷಣ ಪಾತಾಳಕ್ಕೆ ಇಳಿಯುತ್ತದೆ. ತೆರೆ ಮೇಲೆತ್ತಿದ ಆ ಒಂದು ಕ್ಷಣದಲ್ಲೇ ಪೈಲಟ್ ಏಣಿ ಹಿಡಿಯಬೇಕು. ತಡವಾದರೆ ಕಾಲು ಲಾಂಚಿಗೂ ಹಡಗಿಗೂ ನಡುವೆ ಸಿಕ್ಕುತ್ತದೆ. ಹಡಗಿನ ಕಪ್ತಾನ ಹಡಗನ್ನು ಕೊಂಚ ಓರೆ ತಿರುಗಿಸಿ ಗಾಳಿಗೆ ಮರೆ ಮಾಡಿಕೊಡುತ್ತಾನೆ. ಮೇಲೆ ಹತ್ತಿದ ಪೈಲಟ್ ಬೆವರು ಒರೆಸಿಕೊಂಡು ಹಡಗು ನಡೆಸುವ ಕೋಣೆಗೆ ಹೋಗಿ, ಕಪ್ತಾನನಿಗೆ ಕೈಕೊಟ್ಟು, ಆ ಕ್ಷಣದಿಂದ ಹಡಗನ್ನು ನಡೆಸತೊಡಗುತ್ತಾನೆ.

ಕಾಲುವೆಯಲ್ಲಿ ಪಕ್ಕಕ್ಕೆ ಸರಿಯುವಂತಿಲ್ಲ. ಅಡ್ಡಗಾಳಿ ಬೀಸಿದರೆ ಇಡೀ ಹಡಗು ಓರೆಯಾಗಿ ಸಾಗುತ್ತದೆ. ಬ್ರೇಕ್‌ವಾಟರ್ ದಾಟಿದ ಕೂಡಲೇ ತೆರೆ ಸತ್ತು ನೀರು ಸಮವಾಗುತ್ತದೆ. ಅಲ್ಲಿ ಟಗ್‌ಗಳು ಹಗ್ಗ ಹಿಡಿದು ಹಡಗನ್ನು ನಿಧಾನಿಸಿ, ಕೊಳದ ನಡುವೆ ತಿರುಗಿಸಿ, ಬರ್ತಿಗೆ ಒತ್ತಿ ನಿಲ್ಲಿಸುತ್ತವೆ. ಅದಾದ ಮೇಲೆ ಕಸ್ಟಮ್ಸ್, ಆರೋಗ್ಯ ಇಲಾಖೆ, ವಲಸೆ ಅಧಿಕಾರಿಗಳ ಸರದಿ. ಬಿಡಿಸರಕಿನ ಹಡಗಾದರೆ ಸರ್ವೇಯರ್ ಒಂದು ದೋಣಿಯಲ್ಲಿ ಹಡಗಿನ ಸುತ್ತ ಹೋಗಿ, ಮುಂದೆ, ನಡುವೆ, ಹಿಂದೆ ಬರೆದಿರುವ ಆಳದ ಗುರುತುಗಳನ್ನು ಓದುತ್ತಾನೆ. ಹಡಗು ಎಷ್ಟು ಮುಳುಗಿದೆ ಎಂಬುದರಿಂದ ಒಳಗೆ ಎಷ್ಟು ಟನ್ ಇದೆ ಎಂದು ಲೆಕ್ಕ ಹಾಕುತ್ತಾರೆ. ಸಾವಿರಾರು ಟನ್ ಕಲ್ಲಿದ್ದಲಿಗೆ ತಕ್ಕಡಿ ಅದೇ.

ಮಳೆಗಾಲ ಮುಗಿದ ಮೇಲೆ ಪ್ರತಿವರ್ಷವೂ ಡ್ರೆಜರ್ ಬರಬೇಕು. ಮುಂಗಾರಿನ ತೆರೆಗಳು ಕಡಲತಳದ ಕೆಸರನ್ನು ಎಬ್ಬಿಸಿ ಕಾಲುವೆಗೆ ತುಂಬಿರುತ್ತವೆ. ಅದನ್ನು ತೆಗೆಯದಿದ್ದರೆ ಮುಂದಿನ ವರ್ಷ ದೊಡ್ಡ ಹಡಗು ಬರಲಾರದು. ಸುಮಾರು 14 ಮೀಟರ್ ಆಳಕ್ಕೆ ಮುಳುಗುವ ಹಡಗುಗಳು ಇಂದು ಒಳಗೆ ಬರುತ್ತಿರುವುದು ಈ ನಿತ್ಯದ ಹೂಳೆತ್ತುವಿಕೆಯಿಂದ. ಕಡಲಿಗೆ ಗೋಡೆ ಚಾಚಿದ್ದಕ್ಕೆ ಇನ್ನೊಂದು ಬೆಲೆಯೂ ಇದೆ. ದಡದ ಮರಳು ಸಾಗುವ ದಾರಿ ಬದಲಾಗಿ, ಮೀನಕಳಿಯದಂಥ ಮೀನುಗಾರರ ನೆಲೆಗಳಲ್ಲಿ ಕಡಲ್ಕೊರೆತ ಮಳೆಗಾಲದ ವಾಡಿಕೆಯ ಸುದ್ದಿಯಾಗಿದೆ. ಆ ಜನ ತಮಗೆಂದು ಕೇಳುತ್ತ ಬಂದದ್ದು ಕುಳಾಯಿಯಲ್ಲಿ ಒಂದು ಮೀನುಗಾರಿಕಾ ಜೆಟ್ಟಿ.

ಎಣ್ಣೆ, ಕಲ್ಲಿದ್ದಲು, ಗ್ಯಾಸು ಟನ್ನು ತುಂಬಿಸುತ್ತವೆ. ಊರಿನ ಸಾವಿರಾರು ಮನೆಗಳ ಒಲೆ ಉರಿಸುವುದು ಬೇರೆ ಸರಕು, ಮುಖ್ಯವಾಗಿ ಗೇರುಬೀಜ. ಕರಾವಳಿಯ ಕಾರ್ಖಾನೆಗಳಿಗೆ ಇಲ್ಲಿ ಬೆಳೆದದ್ದು ಸಾಲದು. ತಾಂಜಾನಿಯ, ಐವರಿ ಕೋಸ್ಟ್ ಮುಂತಾದ ಕಡೆಯಿಂದ ಹಸಿ ಬೀಜ ಹಡಗಿನಲ್ಲಿ ಬರುತ್ತದೆ. ಒಂದು ಲಾಟು ಇಳಿದಾಗ ಮಾದರಿ ತೆಗೆಯುವುದನ್ನು ನೋಡಿದ್ದೇನೆ. ಚೀಲದ ಹೊಟ್ಟೆಗೆ ಚೂಪಾದ ಕೊಳವೆ ಚುಚ್ಚಿ ಬೀಜ ಸುರಿಸಿಕೊಳ್ಳುತ್ತಾರೆ. ಅದನ್ನು ಬೆರೆಸಿ, ಕಾಲು ಪಾಲು ಮಾಡಿ, ಉಳಿದದ್ದನ್ನು ಕತ್ತರಿಯಲ್ಲಿ ಒಂದೊಂದಾಗಿ ಸೀಳುತ್ತಾರೆ. ಬಿಳಿ ತಿರುಳು ಒಂದು ಕಡೆ, ಕಪ್ಪಾದದ್ದು, ಹುಳು ಹಿಡಿದದ್ದು, ಬೂಸಲು ಬಂದದ್ದು ಇನ್ನೊಂದು ಕಡೆ. ಕತ್ತರಿಸುವವನ ಬೆರಳುಗಳು ಸಿಪ್ಪೆಯ ಎಣ್ಣೆಯಿಂದ ಕಪ್ಪಾಗಿರುತ್ತವೆ. ಎಂಬತ್ತು ಕಿಲೋ ಬೀಜಕ್ಕೆ ಎಷ್ಟು ಪೌಂಡು ಒಳ್ಳೆಯ ತಿರುಳು ಎಂದು ತೂಗಿ ಹೇಳುವ ಸಂಖ್ಯೆಗೆ ‘ಔಟರ್ನ್’ ಎಂದು ಹೆಸರು. ಒಂದು ಪೌಂಡು ಹೆಚ್ಚು ಕಡಿಮೆಯಾದರೆ ಲಕ್ಷಾಂತರ ರೂಪಾಯಿಯ ವ್ಯತ್ಯಾಸ. ಆ ಬೀಜ ಲಾರಿ ಹತ್ತಿ ಕಾರ್ಕಳ, ಕುಂದಾಪುರ, ಪುತ್ತೂರು ಕಡೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಸಿಪ್ಪೆ ಸುಲಿಯುವವರೆಲ್ಲ ಬಹುಮಟ್ಟಿಗೆ ಹೆಂಗಸರು. ಬಂದರಿನ ಲೆಕ್ಕಪುಸ್ತಕದಲ್ಲಿ ಅವರ ಹೆಸರಿಲ್ಲ. ಬಂದರಿನಿಂದ ಬದುಕು ಕಟ್ಟಿಕೊಂಡವರಲ್ಲಿ ಅವರೇ ಹೆಚ್ಚಿನವರು.

ಕಾಫಿಯದು ಇನ್ನೊಂದು ಬಗೆ. ಹಾಯಿಹಡಗಿನ ಕಾಲದಲ್ಲಿ ಮಳೆಗಾಲದ ತೇವ ಕುಡಿದು, ಉಬ್ಬಿ, ಹಳದಿಗೆ ತಿರುಗಿದ ಕಾಫಿಬೀಜದ ರುಚಿಗೆ ಯುರೋಪು ಒಗ್ಗಿಹೋಗಿತ್ತು. ಪ್ರಯಾಣ ವೇಗವಾದ ಮೇಲೆ ಆ ರುಚಿ ತಪ್ಪಿದಾಗ, ಮಂಗಳೂರಿನ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರಡಿ, ಗೂರಾಡಿ, ಚೀಲ ಮಗುಚಿ ಅದೇ ರುಚಿ ತರತೊಡಗಿದರು. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿಗೆ ಇಂದು ಭೌಗೋಳಿಕ ಮಾನ್ಯತೆಯಿದೆ. ಹಳೆಯ ಬಂದರನ್ನು ಮುಚ್ಚಿಸುತ್ತಿದ್ದ ಅದೇ ಮಳೆ ಈ ಕಾಫಿಗೆ ಬೆಲೆ ತಂದಿತು.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಬೆಳೆಯುವುದು ಕರ್ನಾಟಕ. ಬೆಂಗಳೂರಿನಲ್ಲಿ ತಯಾರಾಗುವ ಯಂತ್ರ, ಬಟ್ಟೆ, ಔಷಧಗಳ ರಫ್ತು ಅಪಾರ. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ದೂರ ಹೆಚ್ಚುಕಡಿಮೆ ಒಂದೇ, 350 ಕಿಲೋಮೀಟರ್ ಆಸುಪಾಸು. ಆದರೂ ವೈಟ್‌ಫೀಲ್ಡಿನ ಕಂಟೇನರ್ ಚೆನ್ನೈಗೆ ಹೋಗುತ್ತದೆ. ಕಾರಣ ಶಿರಾಡಿ. ಮಂಗಳೂರು–ಹಾಸನ ರೈಲುದಾರಿ ಮೀಟರ್ ಗೇಜಿನಲ್ಲಿ ಮುಗಿದದ್ದು 1979ರಲ್ಲಿ, ಬಂದರು ಉದ್ಘಾಟನೆಯಾಗಿ ನಾಲ್ಕು ವರ್ಷಗಳ ಮೇಲೆ. ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಅದನ್ನು ಮುಚ್ಚಿದರು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ. ಅದಿರು ಮುಗಿದು, ಎಣ್ಣೆ ಬಂದು, ಕಂಟೇನರಿನ ಯುಗ ಹುಟ್ಟಿ ಬೆಳೆದ ಆ ಹತ್ತು ವರ್ಷ ಕರ್ನಾಟಕದ ಬಂದರಿನಿಂದ ಕರ್ನಾಟಕದ ಒಳನಾಡಿಗೆ ನೇರ ರೈಲಿರಲಿಲ್ಲ. 1998ರಲ್ಲಿ ಪೂರ್ಣವಾದ ಕೊಂಕಣ ರೈಲು ತೋಕೂರಿಗೆ ಬಂದು ಉತ್ತರದ ಬಾಗಿಲು ತೆರೆಯಿತು, ಆದರೆ ಬೆಂಗಳೂರಿನ ಬಾಗಿಲು ಅದರಿಂದ ತೆರೆಯಲಿಲ್ಲ. ಇಂದಿಗೂ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್ ಘಟ್ಟದಲ್ಲಿ ಒಂದೇ ಹಳಿ, ಐವತ್ತಕ್ಕೊಂದರ ಏರು. ಗೂಡ್ಸ್ ಗಾಡಿಗೆ ಹೆಚ್ಚಿನ ಎಂಜಿನ್ ಹಚ್ಚಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಗುಡ್ಡ ಜಾರಿ ರೈಲು ಸಂಚಾರ ವಾರಕ್ಕೂ ಮಿಕ್ಕಿ ನಿಂತುಹೋಯಿತು. ರಸ್ತೆಯ ಕಥೆ ಬೇರೆಯಲ್ಲ. 2013ರ ಏಪ್ರಿಲಿನಲ್ಲಿ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿ, ರಸ್ತೆ ಬದಿಯ ಮನೆಗಳಲ್ಲಿದ್ದವರು ಸುಟ್ಟುಹೋದದ್ದನ್ನು ಈ ಜಿಲ್ಲೆ ಮರೆತಿಲ್ಲ.

ಎಂಜಿನಿಯರುಗಳು ಕಡಲನ್ನು ಗೆದ್ದಾಗಿದೆ. ಮಳೆಗಾಲದಲ್ಲೂ ಹಡಗು ಬರುತ್ತದೆ. ಐವತ್ತು ವರ್ಷ ಈ ಬಂದರಿನ ಬೆಳವಣಿಗೆಗೆ ಮಿತಿ ಹಾಕಿದ್ದು ಘಟ್ಟ, ಮತ್ತು ಘಟ್ಟದ ದಾರಿಯನ್ನು ಬಂದರಿನ ಒಂದು ಅಂಗವೆಂದು ಎಂದೂ ನೋಡದ ನಮ್ಮ ಸರಕಾರಗಳು. ಇಷ್ಟಾದರೂ 2023–24ರಲ್ಲಿ ಬಂದರು ಸಾಗಿಸಿದ್ದು 4.5 ಕೋಟಿ ಟನ್ನಿಗೂ ಹೆಚ್ಚು. 2022ರಲ್ಲಿ 14ನೇ ಬರ್ತ್ ಯಾಂತ್ರೀಕರಣವಾದ ಮೇಲೆ ಕಂಟೇನರ್ ಕೆಲಸ ಚುರುಕಾಗಿದೆ, ಇಪ್ಪತ್ತಡಿ ಕಂಟೇನರಿನ ಲೆಕ್ಕದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ದಾಟಿದೆ. ದೊಡ್ಡದೇನಲ್ಲ, ಆದರೆ ದಾರಿಯಿಲ್ಲದೆ ಬಂದದ್ದು ಇಷ್ಟಾದರೆ ದಾರಿ ಸಿಕ್ಕಿದರೆ ಎಷ್ಟಾದೀತು ಎಂಬುದನ್ನು ಊಹಿಸಬಹುದು. ಶಿರಾಡಿಗೆ ಕಾಡು ಕಡಿಯದ, ಗುಡ್ಡ ಜಾರಿಸದ ದಾರಿ ಬೇಕು. ಬೇರೆ ದೇಶಗಳು ಬೆಟ್ಟದೊಳಗೆ ಸುರಂಗ ಕೊರೆದು ಇದನ್ನು ಮಾಡಿವೆ. ಕುದುರೆಮುಖದಿಂದ ಕಲಿತದ್ದನ್ನು ಅಲ್ಲಿ ಮರೆಯಕೂಡದು.

ಟನ್ನಿನಲ್ಲಿ ಅಳೆಯಲಾಗದ ಒಂದು ದಿನವೂ ಈ ಬಂದರಿನ ಚರಿತ್ರೆಯಲ್ಲಿದೆ. 2021ರ ಮೇ ತಿಂಗಳ ಮೊದಲ ವಾರ, ಕೊರೋನಾದ ಎರಡನೇ ಅಲೆಯಲ್ಲಿ ರಾಜ್ಯದ ಆಸ್ಪತ್ರೆಗಳಲ್ಲಿ ಉಸಿರಿಗೆ ಹಾಹಾಕಾರವಿದ್ದಾಗ, ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನಿನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ಪಣಂಬೂರಿಗೆ ಬಂತು. ಅದಾಗಿ ಎರಡು ವಾರ ಕಳೆಯುವುದರೊಳಗೆ ತೌಕ್ತೆ ಚಂಡಮಾರುತದಲ್ಲಿ ಕರಾವಳಿಯ ಬಂಡೆಗಳಿಗೆ ಸಿಕ್ಕಿಕೊಂಡ ಒಂದು ಟಗ್‌ನಿಂದ ಒಂಬತ್ತು ಮಂದಿಯನ್ನು ರಕ್ಷಿಸಲಾಯಿತು. ಅದೇ ಗಾಳಿಯಲ್ಲಿ ಮಗುಚಿದ ಇನ್ನೊಂದು ಟಗ್‌ನಲ್ಲಿ ಜೀವಗಳು ಹೋದವು. ಬಂದರಿನ ಕೆಲಸ ಎಂದರೆ ಇಂಥವರ ಕೆಲಸ. ಪೈಲಟ್, ಟಗ್ಗಿನ ಖಲಾಸಿ, ಕ್ರೇನ್ ಚಾಲಕ, ಹೊರೆ ಹೊರುವವನು, ಹಡಗಿನ ಹೊಟ್ಟೆಯೊಳಗೆ ಕಲ್ಲಿದ್ದಲು ಗುಡಿಸುವವನು.

ಸುವರ್ಣ ಮಹೋತ್ಸವದ ಫಲಕಗಳಲ್ಲಿ ಮಂತ್ರಿಗಳ ಹೆಸರಿರುತ್ತದೆ, ಇರಲಿ. ಬಂದರಿನವರಲ್ಲಿ ಒಂದು ಕೋರಿಕೆ ಇದೆ. ಎದ್ದುಹೋದ ಕುಟುಂಬಗಳ ಪಟ್ಟಿ ಸರಕಾರದ ಕಡತಗಳಲ್ಲಿ ಇದ್ದೇ ಇರಬೇಕು. ಆ ಮನೆತನಗಳ ಹೆಸರು, ಅವರ ಗದ್ದೆ ಬೈಲುಗಳ ಹೆಸರು, ಬಂದರು ಬರುವ ಮುಂಚಿನ ಪಣಂಬೂರಿನ ನಕ್ಷೆ, ಇಷ್ಟನ್ನು ಬಂದರಿನ ಹೆಬ್ಬಾಗಿಲಲ್ಲಿ, ಎಲ್ಲರೂ ಓದುವ ಕಡೆ ಹಾಕಬೇಕು. ಅಂದು ಹುಡುಗರಾಗಿದ್ದು, ತಾಯಿತಂದೆಯರ ಜೊತೆ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿದವರಿಗೆ ಈಗ ಎಪ್ಪತ್ತು ದಾಟಿದೆ. ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಅವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಈ ವರ್ಷವೇ ಕೂತು ಕೇಳಿ, ಬರೆದು, ಧ್ವನಿಮುದ್ರಿಸಿ ಇಡಬೇಕು.